ಮೂತಿಗೆ ನಿಂಬೆಕಾಯಿ ಕಟ್ಟಿಸಿಕೊಂಡ ವಿಮಾನ

ಇನ್ನೊಬ್ಬರಲ್ಲಿ ಆಸಕ್ತಿ ಹುಟ್ಟಿಸುವ ಕೆಲಸಕ್ಕೆ ಮಾತ್ರ ಯಾರೂ ಕೈ ಹಾಕಬಾರದು ಎಂದು ನಾನು ಅನುಭವದ ಮೇಲೆ ಹೇಳುತ್ತೇನೆ. ನನ್ನ ಹೆಂಡತಿ ಶಾರದೆ ಮದುವೆಯಾದ ದಿನದಿಂದ ನನ್ನಲ್ಲಿ ಹಾಗಲಕಾಯಿಯ ಬಗ್ಗೆ ಆಸಕ್ತಿ ಹುಟ್ಟಿಸಲು ನೋಡುತ್ತಿದ್ದಾಳೆ. ಗೊಜ್ಜು ಮಾಡಿದಳು, ಪಲ್ಯ ಮಾಡಿದಳು, ಬೆಲ್ಲ ಹಾಕಿ ಕಹಿಯನ್ನು ಮರೆಸಲು ನೋಡಿದಳು. ನಾನು ಇವತ್ತಿಗೂ ಅದನ್ನು ತಟ್ಟೆಯ ಅಂಚಿಗೆ ಸರಿಸುತ್ತೇನೆ. ಹೀಗೆ ಸ್ವತಃ ಯಾವುದಕ್ಕೂ ಜಗ್ಗದ ನಾನು ಒಂದು ಕಾಲದಲ್ಲಿ ಒಂದಿಡೀ ಹೈಸ್ಕೂಲಿನ ಮಕ್ಕಳಿಗೆ ವಿಮಾನ ಹಾರಿಸುವ ಹುಚ್ಚು ಹಿಡಿಸುತ್ತೇನೆಂದು ಹೊರಟಿದ್ದೆ. ನಿಜವಾದ ವಿಮಾನವಲ್ಲ, ಮೊಳಕ್ಕಿಂತ ಸ್ವಲ್ಪ ಉದ್ದದ, ರಬ್ಬರನ್ನು ಹುರಿಗೊಳಿಸಿ ಬಿಟ್ಟರೆ ಹಾರುವ ಮಾದರಿ ವಿಮಾನ. ಯಾರಾದರೂ ಅದನ್ನು ಆಟದ ಸಾಮಾನು ಅಂದರೆ ಆಗೆಲ್ಲ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನಾನಾದರೋ ಅಲ್ಲಿಯವರೆಗೆ ಹತ್ತಿದ್ದ ಅತಿ ಎತ್ತರದ ವಾಹನವೆಂದರೆ ಹುಲ್ಲು ತುಂಬಿದ ಲಾರಿ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಹೊಳೆನರಸೀಪುರದಲ್ಲಿ ಮನೆ ಮಾಡಿಕೊಂಡು, ದಿನಾ ಬಸ್ಸಿನಲ್ಲಿ ಹಳ್ಳಿಮೈಸೂರಿನಿಂದಾಚೆಯ ಒಂದು ಹಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಹೋಗಿ ಬರುತ್ತಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಆಗಿನ ನನ್ನ ಶಿಷ್ಯರು ಈಗ ದೊಡ್ಡವರಾಗಿದ್ದಾರೆ, ಅವರಿಗೆ ನೆನಪಿನ ಶಕ್ತಿಯೂ ಚೆನ್ನಾಗಿದೆ. ಆ ಬೇಸಿಗೆಯಲ್ಲಿ ಹಾಸನದಲ್ಲಿ ವಿಜ್ಞಾನ ಶಿಕ್ಷಕರಿಗೆ ಮೂರು ದಿನದ ತರಬೇತಿ ನಡೆಯಿತು. ಎರಡು ದಿನ ನಾನು ಎಲ್ಲ ತರಬೇತಿಗಳಲ್ಲಿ ಮಾಡುವಂತೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದೆ. ಮೂರನೆಯ ದಿನ, ವಾಯುಸೇನೆಯಿಂದ ನಿವೃತ್ತರಾದ ಒಬ್ಬ ಬಿಳಿ ಮೀಸೆಯವರು ನಮ್ಮನ್ನೆಲ್ಲ ಮೈದಾನಕ್ಕೆ ಕರೆದುಕೊಂಡು ಹೋಗಿ, ಒಂದು ಪುಟ್ಟ ವಿಮಾನದ ಫ್ಯಾನನ್ನು ಬೆರಳಿನಿಂದ ತಿರುಗಿಸಿ ತಿರುಗಿಸಿ ಗಾಳಿಗೆ ಬಿಟ್ಟರು. ಅದು ಮೇಲೆ ಹೋಯಿತು. ಮೈದಾನದ ಮೇಲೆ ಎರಡು ಸುತ್ತು ಹೊಡೆದು, ಅವರ ಕಾಲ ಬಳಿಯೇ ಬಂದು ಇಳಿಯಿತು. ನಲವತ್ತು ವರ್ಷದ ನಾನು ಎಲ್ಲರ ಮುಂದೆ ಚಪ್ಪಾಳೆ ತಟ್ಟಿಬಿಟ್ಟೆ.

ಅದಕ್ಕೆ ಕಾರಣವಿತ್ತು. ನಾನು ಹುಟ್ಟಿ ಬೆಳೆದದ್ದು ಕೊಣನೂರಿನಲ್ಲಿ. ಅಲ್ಲಿ ವಿಮಾನದ ಸದ್ದು ಕೇಳಿದರೆ ಸಾಕು, ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಬೀದಿಗೆ ಓಡಿ ಬರುತ್ತಿದ್ದರು. ನಮ್ಮ ಸೋದರಮಾವ ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಇದು ಮದರಾಸಿಗೆ ಹೋಗೋದು" ಎಂದೋ, "ಇದು ಬೊಂಬಾಯಿದು, ಇವತ್ತು ಲೇಟು" ಎಂದೋ ಅಧಿಕಾರವಾಣಿಯಲ್ಲಿ ಹೇಳುತ್ತಿದ್ದರು. ಅರಕಲಗೂಡಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಅವರಿಗೆ ಗೊತ್ತಿರುತ್ತಿರಲಿಲ್ಲ. ಕತ್ತೆತ್ತಿ ನೋಡುವ ಆ ಹುಚ್ಚು ನನ್ನಲ್ಲಿ ಹಾಗೇ ಉಳಿದಿತ್ತು. ನನ್ನ ಶಾಲೆಯ ಮಕ್ಕಳು ಮೇಲೆ ನೋಡುತ್ತಿದ್ದದ್ದು ಕ್ರಿಕೆಟ್ ಚೆಂಡು ಎದ್ದಾಗ ಮಾತ್ರ. ಅವರಲ್ಲಿ ಒಬ್ಬರಾದರೂ ಆಕಾಶ ನೋಡಿ, ಅದು ಹ್ಯಾಗೆ ಹಾರುತ್ತೆ ಎಂದು ಕೇಳಲಿ ಅನ್ನುವುದು ನನ್ನ ಆಸೆ. ಈ ಆಸೆಯ ವಿಷಯದಲ್ಲಿ ತಮಾಷೆ ಏನೂ ಇಲ್ಲ. ತಮಾಷೆ ಎಲ್ಲ ಆಮೇಲಿನದು.

ಬಿಳಿ ಮೀಸೆಯವರು ಒಂದು ನಕ್ಷೆ ಕೊಟ್ಟರು, ಒಂದು ಪ್ಲಾಸ್ಟಿಕ್ ಫ್ಯಾನು ಕೊಟ್ಟರು. ವಿಮಾನ ಮಾಡುವ ಹಗುರ ಮರ ಬೆಂಗಳೂರಿನಲ್ಲಿ ಸಿಗುತ್ತದೆ ಎಂದರು. ಹೊಳೆನರಸೀಪುರದಲ್ಲಿ ಅದಕ್ಕಿಂತ ಹಗುರವಾದದ್ದು ಏನಿದೆ ಎಂದು ಯೋಚಿಸಿದಾಗ ಹೊಳೆದದ್ದು ಬಾಸಿಂಗ ಮಾಡುವ ಬೆಂಡು. ಗ್ರಂದಿಗೆ ಅಂಗಡಿಗೆ ಹೋಗಿ ಒಂದು ಕಟ್ಟು ಬೆಂಡು ಕೇಳಿದೆ. ಅಂಗಡಿಯವರು, "ಮದುವೆ ಯಾರದು ಮೇಷ್ಟ್ರೇ?" ಅಂದರು. ಯಾರದೂ ಇಲ್ಲ ಅಂದೆ. ಮುಂದಿನ ವಾರ ಮತ್ತೊಂದು ಕಟ್ಟಿಗೆ ಹೋದಾಗ ಏನೂ ಕೇಳದೆ ಕೊಟ್ಟರು, ಆದರೆ ಎರಡೇ ದಿನದಲ್ಲಿ ಪಕ್ಕದ ಮನೆಯಾಕೆ ಶಾರದೆಯ ಹತ್ತಿರ ಬಂದು, "ಮನೆಯಲ್ಲಿ ಶುಭಕಾರ್ಯವಂತೆ, ನಮಗೆ ಹೇಳಲೇ ಇಲ್ಲ" ಎಂದು ಆಕ್ಷೇಪಿಸಿದರು. ಬಿದಿರು ಕಡ್ಡಿಯನ್ನು ಬುಟ್ಟಿ ಹೆಣೆಯುವವರಿಂದ, ರಬ್ಬರಿಗೆ ವಾಲ್‌ಟ್ಯೂಬನ್ನು ಸೈಕಲ್ ಅಂಗಡಿಯಿಂದ, ರೆಕ್ಕೆಗೆ ಗಾಳಿಪಟದ ಕಾಗದವನ್ನು ಪೇಟೆಯಿಂದ ತಂದೆ. ಹದಿನೈದು ದಿನ ನಮ್ಮ ಊಟದ ಮನೆಯಲ್ಲಿ ಅಂಟಿನ ವಾಸನೆ. ಕೊನೆಗೆ ಕೆಂಪು ರೆಕ್ಕೆಯ ವಿಮಾನ ತಯಾರಾಯಿತು. ನಕ್ಷೆಯಲ್ಲಿ ಹೇಳಿದ ಜಾಗದಲ್ಲಿ, ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದೆ. ತಕ್ಕಡಿಯಂತೆ ಸಮವಾಗಿ ನಿಂತಿತು. ಶಾರದೆ ನೋಡಿ, "ಚೆನ್ನಾಗಿದೆ, ಗಂಡಿನ ಕಡೆಯವರು ಯಾರು?" ಅಂದಳು.

ನಮ್ಮ ಹೆಡ್‌ಮಾಸ್ಟರು ಬಸಪ್ಪನವರು ಒಳ್ಳೆಯವರು. ಹಳೆಯ ಮುರುಕು ಬೆಂಚುಗಳಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ, ವಿಮಾನ ಸಂಘಕ್ಕೆಂದು ಕೊಟ್ಟರು. ಆ ಕೋಣೆಯ ಮೇಲೆ ಡ್ರಿಲ್ ಮಾಸ್ಟರ್ ರಂಗಸ್ವಾಮಿಗೆ ಮೊದಲಿನಿಂದಲೂ ಕಣ್ಣು. ನುಗ್ಗೇಹಳ್ಳಿ ಕಡೆಯ ಗಟ್ಟಿ ಆಳು, ಬ್ಯಾಟು ಬಾಲುಗಳನ್ನು ಇಡಲು ಜಾಗವಿಲ್ಲವೆಂದು ಎರಡು ವರ್ಷದಿಂದ ಕೇಳುತ್ತಿದ್ದ. ನಾನು ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಮಾಡಿ ಸಂಘಕ್ಕೆ ಸೇರುವವರು ಕೈ ಎತ್ತಿ ಎಂದಾಗ ಏಳು ಕೈಗಳು ಎದ್ದವು. ಅದರಲ್ಲಿ ಎರಡು, ನೀರು ಕುಡಿದು ಬರುತ್ತೇವೆ ಎಂದು ಹೇಳಲು ಎತ್ತಿದ್ದು. ಉಳಿದ ಐವರಲ್ಲಿ ಒಂಬತ್ತನೇ ತರಗತಿಯ ಮಂಜುಳ ಒಬ್ಬಳು. ಅವಳಪ್ಪನದು ಊರಿನಲ್ಲಿ ದಿನಸಿ ಅಂಗಡಿ. ಹುಡುಗಿ ಮಾತಾಡುವುದು ಕಡಿಮೆ, ನೋಡುವುದು ಜಾಸ್ತಿ.

ನಾನು ಕಪ್ಪು ಹಲಗೆಯ ಮೇಲೆ ವಿಮಾನದ ಚಿತ್ರ ಬರೆದು, ಗುರುತ್ವ ಕೇಂದ್ರ ಎಲ್ಲಿರಬೇಕು, ಅದು ಹಿಂದಕ್ಕೆ ಸರಿದರೆ ಏನಾಗುತ್ತದೆ ಎಂದು ಮೂರು ದಿನ ಪಾಠ ಮಾಡಿದೆ. ನಾಲ್ಕನೆಯ ದಿನ ಮೈದಾನಕ್ಕೆ ಹೋದೆವು. ಕ್ರಿಕೆಟ್ ಆಡುತ್ತಿದ್ದವರೂ ಆಟ ನಿಲ್ಲಿಸಿ ನೋಡಿದರು. ಫ್ಯಾನನ್ನು ತಿರುಗಿಸಿ ಬಿಟ್ಟೆ. ಆ ದಿನ ಗಾಳಿ ಜೋರಾಗಿತ್ತು. ವಿಮಾನ ತಲೆಕೆಳಗಾಗಿ ಬಿದ್ದು ಬಾಲ ಮುರಿಯಿತು. ಇದು ಯಾರಿಗಾದರೂ ಆಗುವಂಥದ್ದೇ ಎಂದು ಮನೆಗೆ ತಂದು, ಬಾಲಕ್ಕೆ ಬಿದಿರಿನ ದಬ್ಬೆ ಕೊಟ್ಟು, ಅಂಟು ಸವರಿ, ಕಾಗದ ಸುತ್ತಿ ಗಟ್ಟಿ ಮಾಡಿದೆ. ಮರುವಾರ ಬಿಟ್ಟಾಗ ಅದು ಮೂತಿ ಮೇಲೆತ್ತಿ ಆಕಾಶ ನೋಡಿತು, ಒಂದು ಗಳಿಗೆ ಅಲ್ಲೇ ನಿಂತಿತು, ಏನೋ ಮರೆತು ಬಂದವರ ಹಾಗೆ ಹಿಂದಕ್ಕೆ ಜಾರಿ ಬಾಲದ ಮೇಲೆ ಕುಳಿತುಕೊಂಡಿತು. ಬಾಲ ಮತ್ತೆ ಮುರಿಯಿತು. ನಾನು ಇನ್ನೂ ಗಟ್ಟಿಯಾದ ದಬ್ಬೆ ಕಟ್ಟಿದೆ. ಅದರ ಮುಂದಿನ ಸಲವೂ ಹಾಗೇ. ಪ್ರತಿ ಸಲ ಬಿದ್ದಾಗಲೂ ನಾನು ಮಕ್ಕಳಿಗೆ ಒಂದೊಂದು ಹೊಸ ಕಾರಣ ಕೊಟ್ಟೆ. ಒಂದು ದಿನ ಗಾಳಿ, ಒಂದು ದಿನ ತೇವ, ಒಂದು ದಿನ ರಬ್ಬರಿನ ಗುಣಮಟ್ಟ. ರಂಗಸ್ವಾಮಿಯ ಹುಡುಗರಿಗಂತೂ ಇದು ಹಬ್ಬವಾಯಿತು. ವಿಮಾನ ನೆಲ ಮುಟ್ಟುತ್ತಲೇ ಇಡೀ ಮೈದಾನ ಅಂಪೈರಿನಂತೆ ಬೆರಳೆತ್ತಿ "ಔಟ್!" ಎಂದು ಕೂಗುತ್ತಿತ್ತು.

ಸಂಘದಿಂದ ಮೂವರು ಒಬ್ಬೊಬ್ಬರಾಗಿ ಕ್ರಿಕೆಟ್ಟಿಗೆ ಹೋದರು. ಉಳಿದವರು ಮಂಜುಳ ಮತ್ತು ಕಾಲು ಉಳುಕಿ ಓಡಲಾಗದಿದ್ದ ಒಬ್ಬ ಹುಡುಗ. ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. "ಮೇಷ್ಟ್ರೇ, ನಾನು ಬೇಡ ಅನ್ನಲ್ಲ. ಆದ್ರೆ ಆಯುಧಪೂಜೆ ಒಳಗೆ ಅದು ಒಂದ್ಸಲನಾದ್ರೂ ಹಾರಬೇಕು. ಇಲ್ದೆ ಹೋದ್ರೆ ರೂಮು ರಂಗಸ್ವಾಮಿಗೆ ಕೊಟ್ಬಿಡ್ತೀನಿ. ಅವನ ಬಾಲುಗಳಾದ್ರೂ ಮೇಲಕ್ಕೆ ಹೋಗ್ತವೆ" ಎಂದರು. ನಾನು ತಲೆಯಾಡಿಸಿ ಬಂದೆ. ಆ ರಾತ್ರಿ ಊಟ ಸೇರಲಿಲ್ಲ. ಕೋಣೆ ಹೋದರೆ ಹೋಗಲಿ, ಆದರೆ ಈ ಮಕ್ಕಳು ಮುಂದೆ ಯಾವತ್ತು ವಿಮಾನ ನೋಡಿದರೂ ನನ್ನ ನೆನಪಾಗಿ ನಗುತ್ತಾರಲ್ಲ, ಅದು ನನಗೆ ನಿಜವಾಗಿಯೂ ಸಂಕಟವಾಗಿತ್ತು.

ದಸರಾ ರಜೆಯಿದ್ದರೂ ಆಯುಧಪೂಜೆಯ ಬೆಳಿಗ್ಗೆ ನಮ್ಮ ಶಾಲೆಗೆ ಮಕ್ಕಳೆಲ್ಲ ಬರುತ್ತಿದ್ದರು, ಕಡ್ಲೆಪುರಿಯ ಆಸೆಗೆ. ಪೂಜೆಯ ಯಜಮಾನಿಕೆ ಅಟೆಂಡರ್ ಜವರಪ್ಪನದು. ಗಂಟೆ, ಟೈಪ್‌ರೈಟರು, ನನ್ನ ಪ್ರಯೋಗಶಾಲೆಯ ಸೂಕ್ಷ್ಮದರ್ಶಕ, ರಂಗಸ್ವಾಮಿಯ ಬ್ಯಾಟುಗಳು, ಹೆಡ್‌ಮಾಸ್ಟರ ಸ್ಕೂಟರು ಎಲ್ಲವನ್ನೂ ಸಾಲಾಗಿ ಇಟ್ಟು ವಿಭೂತಿ ಬಳಿದಿದ್ದ. ಕೊನೆಯಲ್ಲಿ ನನ್ನ ವಿಮಾನ. ನಾನು ಕೈಮುಗಿದು, "ಜವರಪ್ಪ, ಇದು ಕಾಗದದ್ದು, ನೀರು ಗೀರು ಹಾಕಬೇಡ, ಹೂವಿನ ಹಾರ ಬೇಡ" ಅಂದೆ.

"ಇಲ್ಲ ಬುಡಿ ಸಾ, ಒಂದು ಬೊಟ್ಟು ಮಡಗ್ತೀನಿ ಅಷ್ಟೇಯ" ಎಂದು ಕುಂಕುಮವಿಟ್ಟ. ಆಮೇಲೆ ವಿಮಾನವನ್ನು ಎತ್ತಿ, ಅಡಿಭಾಗವನ್ನೆಲ್ಲ ತಿರುಗಿಸಿ ನೋಡಿ, ಗಂಭೀರವಾಗಿ ಕೇಳಿದ: "ಸಾ, ಇದ್ಕೆ ಚಕ್ರನೇ ಇಲ್ವಲ್ಲ?"

"ಕೈಯಲ್ಲಿ ಬಿಡೋದು ಕಣಯ್ಯ, ಚಕ್ರ ಬೇಕಿಲ್ಲ."

"ಅಂಗಂದ್ರೆ ನಿಂಬೆಹಣ್ಣು ಎಲ್ಲಿ ಮಡಗ್ಲಿ? ಗಾಡಿ ಅಂದ್ಮೇಲೆ ನಿಂಬೆಹಣ್ಣು ಇಲ್ದೆ ಈಚ್ಗೆ ಓಗಂಗಿಲ್ಲ."

ಹೆಡ್‌ಮಾಸ್ಟರಿಗೂ ಇದು ನ್ಯಾಯವಾದ ಪ್ರಶ್ನೆ ಅನ್ನಿಸಿತು. "ಚಕ್ರ ಇಲ್ದಿದ್ರೆ ಮುಂದುಗಡೆ ಕಟ್ಟಪ್ಪ, ಲಾರಿಗೆ ಕಟ್ಟಲ್ವಾ" ಎಂದರು. ಇದ್ದ ಹಣ್ಣುಗಳೆಲ್ಲ ಸ್ಕೂಟರಿಗೂ ಸೈಕಲ್ಲುಗಳಿಗೂ ಮುಗಿದಿದ್ದವು. ಜವರಪ್ಪ ತನ್ನ ಹಿತ್ತಲಿಗೆ ಹೋಗಿ, ನೆಲ್ಲಿಕಾಯಿಗಿಂತ ದೊಡ್ಡದಲ್ಲದ ಒಂದು ಎಳೇ ನಿಂಬೆಕಾಯಿಯನ್ನು ಕಿತ್ತು ತಂದು, ದಾರದಲ್ಲಿ ವಿಮಾನದ ಮೂತಿಯ ಕೆಳಗೆ ಬಿಗಿದು ಕಟ್ಟಿದ. ನನಗೆ ಮೈಯೆಲ್ಲ ಉರಿಯಿತು. ಆದರೆ ಹೇಗೂ ಬೀಳುವ ವಿಮಾನ, ಕೊನೆಗೆ ನಿಂಬೆಕಾಯಿಯ ಮೇಲಾದರೂ ತಪ್ಪು ಹೊರಿಸಬಹುದಲ್ಲ ಎಂಬ ಸಣ್ಣತನದ ಸಮಾಧಾನವೂ ಆಯಿತು. ಇದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಎಲ್ಲರೂ ಮೈದಾನಕ್ಕೆ ಬಂದರು. ಹುಡುಗರು ಕಡ್ಲೆಪುರಿ ಮುಕ್ಕುತ್ತಲೇ ಒಂದು ಬೆರಳನ್ನು ಸಿದ್ಧವಾಗಿಟ್ಟುಕೊಂಡಿದ್ದರು. ನಾನು ಫ್ಯಾನು ತಿರುಗಿಸಿ ಬಿಟ್ಟೆ. ವಿಮಾನ ಮೂತಿ ಎತ್ತಲಿಲ್ಲ. ನೆಟ್ಟಗೆ ಹೋಯಿತು, ಮೆಲ್ಲನೆ ಮೇಲೇರಿತು, ಶಾಲೆಯ ಹೆಂಚಿನ ಸೂರನ್ನು ದಾಟಿ, ನಿಂಬೆಕಾಯಿಯನ್ನು ಹೊತ್ತುಕೊಂಡೇ ದೊಡ್ಡದೊಂದು ಸುತ್ತು ಹೊಡೆದು, ಆಚೆಯ ರಾಗಿ ಹೊಲದಲ್ಲಿ ಇಳಿಯಿತು. ಆಮೇಲೆ ಇಡೀ ಶಾಲೆ ರಾಗಿ ಹೊಲದ ಕಡೆಗೆ ಓಡಿತು, ರಂಗಸ್ವಾಮಿಯೂ ಓಡಿದ. ನಾನೂ ಓಡಿದೆ, ಕಣ್ಣಲ್ಲಿ ನೀರು ಬಂದು ದಾರಿ ಕಾಣದೆ ಬದುವಿನ ಮೇಲೆ ಎಡವಿ ಬಿದ್ದೆ.

ಎದ್ದು ಬರುವಷ್ಟರಲ್ಲಿ ಹುಡುಗರು ಜವರಪ್ಪನನ್ನು ಹೆಗಲ ಮೇಲೆ ಹೊತ್ತಿದ್ದರು.

ಕೋಣೆ ಉಳಿಯಿತು. ರಜೆ ಮುಗಿದು ಶಾಲೆ ತೆರೆದ ದಿನ ಸಂಘಕ್ಕೆ ನಲವತ್ತು ಮಂದಿ ಸೇರಿದರು. ಎಲ್ಲರ ಕೈಯಲ್ಲೂ ಬೆಂಡಿನ ತುಂಡುಗಳು, ಎಲ್ಲರ ಜೇಬಿನಲ್ಲೂ ನಿಂಬೆಕಾಯಿ. ಊರಿನಲ್ಲಿ ನಿಂಬೆಗಿಡವಿದ್ದವರೆಲ್ಲ ಹೆಡ್‌ಮಾಸ್ಟರಿಗೆ ದೂರು ತಂದರು. ನಾನು ಇಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟದ್ದು ಇದಕ್ಕೇ ಏನು ಎಂದು ಕೆರಳಿದೆ. ಪ್ರಾರ್ಥನೆಯ ಹೊತ್ತಿಗೆ ವಿಮಾನವನ್ನು ಹಿಡಿದು ನಿಂತು, "ಮಕ್ಕಳೇ, ಇದು ನಿಂಬೆಕಾಯಿಯ ಮಹಿಮೆಯಲ್ಲ, ಮೂತಿಗೆ ಬಿದ್ದ ಭಾರದ ಮಹಿಮೆ. ನೋಡಿ, ಅದೇ ಜಾಗದಲ್ಲಿ ಜೇಡಿಮಣ್ಣು ಮೆತ್ತುತ್ತೇನೆ" ಎಂದು, ಒಣಗಿದ್ದ ನಿಂಬೆಕಾಯಿಯನ್ನು ಕಿತ್ತು, ಮೊದಲು ಅದು ಇದ್ದ ಗಾತ್ರಕ್ಕೆ ಸರಿಯಾಗಿ ಮಣ್ಣಿನ ಉಂಡೆ ಮಾಡಿ ಅಂಟಿಸಿದೆ. ಬಿಟ್ಟ ಕೂಡಲೇ ವಿಮಾನ ನೇರವಾಗಿ ಧ್ವಜಸ್ತಂಭದ ಕಟ್ಟೆಗೆ ಮೂತಿ ಕುಟ್ಟಿತು. ಗಾತ್ರ ಒಂದೇ ಆದ ಮಾತ್ರಕ್ಕೆ ತೂಕ ಒಂದೇ ಅಲ್ಲ ಎನ್ನುವುದು ಎಂಟನೇ ತರಗತಿಯ ಪಾಠ. ಆ ಪಾಠ ಮಾಡುವವನೂ ನಾನೇ. ಜವರಪ್ಪ ಹತ್ತಿರ ಬಂದು ನೊಂದ ದನಿಯಲ್ಲಿ, "ನಂಬ್ಕೆ ಇಲ್ದೆ ಮಾಡುದ್ರೆ ಅದು ಅಂಗೇಯ ಸಾ" ಅಂದ. ನಾನು ಒಂದು ವಾರ ಆ ಕೋಣೆಯ ಕಡೆ ತಲೆ ಹಾಕಲಿಲ್ಲ.

ಆ ಒಂದು ವಾರದಲ್ಲಿ ಏನು ನಡೆಯಿತು ಎಂಬುದು ನನಗೆ ಆಮೇಲೆ ತಿಳಿಯಿತು. ನಲವತ್ತು ಮಂದಿ ಮಾಡಿದ ಪುಟ್ಟ ವಿಮಾನಗಳಿಗೆ ನಿಂಬೆಕಾಯಿ ಭಾರವಾಗಿ ಅವು ಮುಗ್ಗರಿಸಿದವು. ಅದಕ್ಕೆ ಹುಡುಗರು ಸುಂಡೆಕಾಯಿ ಕಟ್ಟಿದರು. ಅದೂ ಭಾರವಾಯಿತೆಂದು ತೊಗರಿಕಾಳು ಅಂಟಿಸಿದರು. "ಲೇ, ಇನ್ನೆರಡು ಕಾಳು ಆಕ್ಲಾ, ಮೂತಿ ಎತ್ತತಾ ಐತೆ" ಎಂದು ಒಬ್ಬ, "ಜಾಸ್ತಿ ಆಯ್ತು ಕಣ್ಲಾ, ಒಂದು ತೆಗಿ" ಎಂದು ಇನ್ನೊಬ್ಬ. ವಾರ ಕಳೆದ ಮೇಲೆ ಮೆಲ್ಲಗೆ ಬಂದು ಕಿಟಕಿಯ ಹೊರಗೆ ನಿಂತು ಇದನ್ನು ಕೇಳಿದ ನನಗೆ, ಈ ಮೂಢನಂಬಿಕೆಯನ್ನು ಬಿಡಿಸುವುದು ಹೇಗೆ ಎಂಬ ಚಿಂತೆಯೇ ಹೊರತು, ಅವರು ಮಾಡುತ್ತಿರುವುದು ಏನು ಎಂದು ತಲೆಗೆ ಹೋಗಲಿಲ್ಲ.

ಮಂಜುಳ ನನ್ನ ದೊಡ್ಡ ವಿಮಾನವನ್ನು ರಿಪೇರಿ ಮಾಡಿಟ್ಟಿದ್ದಳು. ಮೂತಿಗೆ ಒಂದು ಸಣ್ಣ ಬಟ್ಟೆಯ ಚೀಲ, ಅದರೊಳಗೆ ಹುಣಸೆಬೀಜ. ಒಂದೊಂದೇ ಬೀಜ ಹಾಕಿ, ತೆಗೆದು, ಹಾರಿಸಿ ನೋಡಿ, ಹದಿಮೂರು ಬೀಜಕ್ಕೆ ಸರಿಹೋಗಿದೆಯೆಂದು ಕಂಡುಕೊಂಡಿದ್ದಳು. ಅಪ್ಪನ ಅಂಗಡಿಯ ತಕ್ಕಡಿಯಲ್ಲಿ ಅಂಥದೇ ಎಳೇ ನಿಂಬೆಕಾಯಿಯನ್ನೂ ಹದಿಮೂರು ಬೀಜವನ್ನೂ ಎರಡು ಕಡೆ ಹಾಕಿ ನೋಡಿದ್ದಳಂತೆ, ಮುಳ್ಳು ನಡುವೆ ನಿಂತಿತಂತೆ. ನಾನು ಕೋಣೆಗೆ ಹೋದಾಗ ಇದನ್ನೆಲ್ಲ ಹೇಳಿ, ಚೀಲವನ್ನು ಬಿಚ್ಚಿ, ವಿಮಾನದ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ ನನಗೆ ತೋರಿಸಿದಳು.

"ಸಾ, ನೀವು ಬೋರ್ಡ್ ಮೇಲೆ ಬರ್ದಿದ್ದು ಈ ಜಾಗ. ಇದು ನಿಲ್ತಿರೋದು ಇಷ್ಟು ಹಿಂದಕ್ಕೆ. ಬಾಲಕ್ಕೆ ಅಂಟು ಜಾಸ್ತಿ ಆಗೈತೆ ಸಾ."

ನಾನು ಬಾಲವನ್ನು ನೋಡಿದೆ. ದಬ್ಬೆಯ ಮೇಲೆ ದಬ್ಬೆ, ಅಂಟಿನ ಮೇಲೆ ಅಂಟು, ಅದರ ಮೇಲೆ ಕಾಗದ. ಬಿದ್ದಾಗಲೆಲ್ಲ ಗಟ್ಟಿ ಮಾಡುತ್ತ ಮಾಡುತ್ತ, ಮುಂದಿನ ಸಲ ಬೀಳುವುದನ್ನು ನಾನೇ ಖಾತ್ರಿ ಮಾಡುತ್ತ ಬಂದಿದ್ದೆ. ಮೊದಲ ದಿನ ಸಮ ನೋಡಿದವನು ಆಮೇಲೆ ಒಮ್ಮೆಯೂ ನೋಡಿರಲಿಲ್ಲ. "ಸರಿಯಾಗಿ ಹೇಳಿದೆ" ಎಂದು ಮೇಷ್ಟ್ರ ಗತ್ತಿನಲ್ಲಿ ಹೇಳಿದೆ, ನನಗೆ ಮೊದಲೇ ಗೊತ್ತಿದ್ದು ಅವಳನ್ನು ಪರೀಕ್ಷೆ ಮಾಡುತ್ತಿದ್ದವನ ಹಾಗೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಆ ವರ್ಷ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನ ಚನ್ನರಾಯಪಟ್ಟಣದಲ್ಲಿ ನಡೆಯಿತು. ಮಂಜುಳ, ಜೊತೆಗೆ ಅವಳಮ್ಮ, ನಾನು, ವಿಮಾನ, ಹುಣಸೆಬೀಜದ ಚೀಲ ಇಷ್ಟೂ ಬಸ್ಸಿನಲ್ಲಿ ಹೊರಟೆವು. ಅಲ್ಲಿಯ ಮೈದಾನದಲ್ಲಿ ಅವಳು ಮೊದಲು ಚೀಲವಿಲ್ಲದೆ ವಿಮಾನ ಬಿಟ್ಟು ಬೀಳಿಸಿದಳು, ಆಮೇಲೆ ಚೀಲ ಕಟ್ಟಿ ಬಿಟ್ಟಳು. ಅದು ಹಾರಿದ ರೀತಿಗೆ ಬೇರೆ ಶಾಲೆಯ ಮಕ್ಕಳೆಲ್ಲ ತಮ್ಮ ತಮ್ಮ ಜ್ವಾಲಾಮುಖಿಗಳನ್ನು ಬಿಟ್ಟು ಓಡಿ ಬಂದು ಕತ್ತೆತ್ತಿ ನಿಂತರು. ತೀರ್ಪುಗಾರರಾಗಿ ಬಂದಿದ್ದ ವಯಸ್ಸಾದ ಲೆಕ್ಚರರೊಬ್ಬರು ಬೀಜಗಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ ಬಹಳ ಮೆಚ್ಚಿದರು. "ಯಾರಮ್ಮ ನಿನಗೆ ಇದನ್ನ ಹೇಳಿಕೊಟ್ಟೋರು?" ಎಂದು ಕೇಳಿದರು. ನಾನು ಹಿಂದೆ ನಿಂತಿದ್ದವನು ಅಂಗಿಯ ಕಾಲರು ಸರಿಮಾಡಿಕೊಂಡು, ವಿನಯದ ಮುಖ ಮಾಡಿಕೊಂಡು, ಒಂದು ಹೆಜ್ಜೆ ಮುಂದೆ ಬಂದೆ.

"ನಮ್ಮ ಜವರಪ್ಪಣ್ಣ ಸಾ, ಅಟೆಂಡರು. ಮೂತಿಗೆ ಭಾರ ಬಿದ್ರೆ ಹಾರ್ತದೆ ಅಂತ ಗೊತ್ತಾಗಿದ್ದು ಅವ್ರಿಂದ."

"ಮತ್ತೆ ನಿಮ್ಮ ವಿಜ್ಞಾನದ ಮೇಷ್ಟ್ರು?"

ಮಂಜುಳ ನನ್ನ ಕಡೆ ತಿರುಗಿ ನೋಡಿದಳು. ಸುಳ್ಳು ಹೇಳಬಾರದು, ಮೇಷ್ಟ್ರಿಗೆ ಬೇಜಾರೂ ಆಗಬಾರದು ಎಂದು ಆ ಹುಡುಗಿ ಪಡುತ್ತಿದ್ದ ಕಷ್ಟ ಅವಳ ಮುಖದಲ್ಲೇ ಕಾಣುತ್ತಿತ್ತು. "ನಮ್ ಮೇಷ್ಟ್ರು ಎಷ್ಟೋ ಸಲ ಬೀಳ್ಸಿ ತೋರ್ಸಿದ್ರು ಸಾ. ಮೊದಲ್ನೇ ದಿನ ಬಿಟ್ರೆ ಎಲ್ಲಾ ಸಲನೂ ಒಂದೇ ಥರ ಬೀಳ್ಸಿದ್ರು. ಒಂದೊಂದ್ಸಲ ಒಂದೊಂದು ಥರ ಬಿದ್ದಿದ್ರೆ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ" ಅಂದಳು. ಲೆಕ್ಚರರು ನನ್ನ ಕೈ ಕುಲುಕಿದರು, ನಗು ತಡೆಯಲು ಬಹಳ ಪ್ರಯತ್ನಪಟ್ಟರು. ಅವಳಿಗೆ ಎರಡನೆಯ ಬಹುಮಾನ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಮೊದಲು ನನ್ನ ಮುಖ ಗಂಟಾಗಿತ್ತು. ಊರು ಹತ್ತಿರವಾಗುತ್ತ ಆಗುತ್ತ ಅದು ಸಡಿಲವಾಯಿತು. ಮುಂದಿನ ಸೀಟಿನಲ್ಲಿ ಮಂಜುಳ ಕಿಟಕಿಗೆ ಮುಖವಿಟ್ಟು ಮೇಲೆ ನೋಡುತ್ತಿದ್ದಳು, ಅಲ್ಲಿ ಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು. ತಿರುಗಿ, "ಸಾ, ಅದು ಫ್ಯಾನೇ ಇಲ್ದೆ ಹ್ಯಾಗೆ ಮೇಲೇ ಇರ್ತದೆ?" ಎಂದು ಕೇಳಿದಳು. ನನಗೆ ಅಷ್ಟು ಸಂತೋಷವಾದದ್ದು ನನ್ನ ಇಡೀ ನೌಕರಿಯಲ್ಲಿ ಇನ್ನೊಂದು ದಿನ ಇಲ್ಲ. ಉತ್ತರ ಸರಿಯಾಗಿ ಗೊತ್ತಿರಲಿಲ್ಲ, ನಾಳೆ ಹೇಳುತ್ತೇನೆ ಅಂದೆ.

ಮನೆಗೆ ಬಂದಾಗ ಶಾರದೆ ಕಾಫಿ ಕೊಟ್ಟು, "ಹಾರಿತೇನ್ರೀ?" ಎಂದು ಕೇಳಿದಳು.

"ಹಾರಿತು. ಮಂಜುಳ ಹಾರಿಸಿದಳು."

"ಮತ್ತೆ ನೀವೇನು ಮಾಡಿದಿರಿ?"

"ಬೀಳಿಸೋದು ನನ್ನ ಭಾಗಕ್ಕೆ ಬಂದಿತ್ತು" ಅಂದೆ. "ಒಂದೇ ಥರ ಬೀಳಿಸ್ತೀನಂತೆ. ಚನ್ನರಾಯಪಟ್ಟಣದಲ್ಲಿ ಎಲ್ಲರೂ ಹೊಗಳಿದರು."